ತೀವ್ರ ನಿಗಾ ಘಟಕದ ರೋಗಿಗೆ ಆಮ್ಲ ತಗ್ಗಿಸುವ ಔಷಧಿ ಏಕೆ?
ಹೊಟ್ಟೆಯ ತೊಂದರೆಯೇ ಇಲ್ಲದವರಿಗೂ ಐಸಿಯುನಲ್ಲಿ ಪ್ಯಾಂಟೊಪ್ರಜೋಲ್ ಕೊಡುವುದೇಕೆ ಎಂದು ಕೇಳಿದ್ದೀರಿ. ತೀವ್ರ ಸೋಂಕು, ದೊಡ್ಡ ಸುಟ್ಟಗಾಯದಂಥ ಸ್ಥಿತಿಯಲ್ಲಿ ದೇಹವು ರಕ್ತವನ್ನು ಹೃದಯ, ಮೆದುಳುಗಳತ್ತ ತಿರುಗಿಸುವುದರಿಂದ ಜಠರದ ಒಳಪೊರೆಗೆ ರಕ್ತ ಸಾಲದಾಗಿ, ಅದನ್ನು ಕಾಯುವ ಲೋಳೆಪದರ ದುರ್ಬಲಗೊಳ್ಳುತ್ತದೆ. ಆಗ ಆಮ್ಲ ಹೆಚ್ಚದಿದ್ದರೂ, ಇರುವ ಆಮ್ಲವೇ ತಾಗಿ ಹುಣ್ಣಾಗಿ ರಕ್ತ ಸೋರಬಹುದು; ಆ ಆಮ್ಲವನ್ನು ತಗ್ಗಿಸಲೆಂದೇ ಪ್ಯಾಂಟೊಪ್ರಜೋಲ್ ಕೊಡುತ್ತಾರೆ. 48 ಗಂಟೆಗಿಂತ ಹೆಚ್ಚು ಕಾಲ ವೆಂಟಿಲೇಟರ್‌ನಲ್ಲಿರುವವರಿಗೆ ಮತ್ತು ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿದವರಿಗೆ ಈ ಅಪಾಯ ಹೆಚ್ಚು. ವೆಂಟಿಲೇಟರ್‌ನಲ್ಲಿದ್ದ 4,800ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಭೀರ ರಕ್ತಸ್ರಾವವು ಈ ಔಷಧಿ ಪಡೆಯದವರಲ್ಲಿ ಶೇ. 3.5ರಷ್ಟಿದ್ದರೆ, ಪಡೆದವರಲ್ಲಿ ಶೇ. 1ರಷ್ಟಿತ್ತು, ಆದರೆ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಅಪಾಯ ಕಡಿಮೆಯಿರುವ ಎಲ್ಲರಿಗೂ ಇದು ಬೇಕಿಲ್ಲ. ಕೊಳವೆಯ ಮೂಲಕ ಬೇಗ ಆಹಾರ ಆರಂಭಿಸುವುದೂ ಜಠರಕ್ಕೆ ನೆರವಾಗುತ್ತದೆ. ನನಗೆ ಹೆಚ್ಚು ಕಳವಳ ತರುವುದು, ಅಪಾಯ ಕಳೆದ ಮೇಲೂ ನಿಲ್ಲಿಸಲು ಮರೆತ ಈ ಮಾತ್ರೆ ರೋಗಿಯೊಡನೆ ಮನೆಯವರೆಗೂ ಹೋಗುವುದು. ಬಿಡುಗಡೆಯ ದಿನ ಅದು ಇನ್ನೂ ಬೇಕೇ ಎಂದು ವೈದ್ಯರನ್ನು ದಯವಿಟ್ಟು ಕೇಳಿ.