ಕಿಂಗ್‌ಸ್ಟನ್‌ಗೆ ಬರುತ್ತಿದ್ದೀರಾ? ಜೂನ್ ತಿಂಗಳ ಓಟದ ಕೂಟಕ್ಕೆ ಮಗಳನ್ನು ಕರೆದುಕೊಂಡು ಹೋಗಿ

ನಮಸ್ಕಾರ. ನಿಮ್ಮ ಪತ್ರ ಓದಿದೆ. ಮೇ ತಿಂಗಳಲ್ಲಿ ಕೆಲಸದ ಮೇಲೆ ಜಮೈಕಾದ ಕಿಂಗ್‌ಸ್ಟನ್‌ಗೆ ಬರುತ್ತಿದ್ದೀರಿ, ಜೊತೆಗೆ ಹೆಂಡತಿ ಮತ್ತು ಹತ್ತು ವರ್ಷದ ಮಗಳು. ಅಲ್ಲಿ ಸಂಸಾರ ಮಾಡಿಕೊಂಡು ಇರುವುದು ಹೇಗೆ, ಊರು ಸುರಕ್ಷಿತವೇ ಎಂದು ಕೇಳಿದ್ದೀರಿ. ಮಗಳು ದಾವಣಗೆರೆಯ ಶಾಲೆಯಲ್ಲಿ 200 ಮೀಟರ್ ಓಡುತ್ತಾಳೆ, ಜೂನ್‌ನಲ್ಲಿ ಕಿಂಗ್‌ಸ್ಟನ್‌ನಲ್ಲಿ ದೊಡ್ಡ ದೊಡ್ಡ ಓಟಗಾರರು ಬರುವ ಕೂಟ ಇದೆಯಂತೆ, ಅವಳನ್ನು ಕರೆದುಕೊಂಡು ಹೋಗಬಹುದಾ ಎಂದೂ ಕೇಳಿದ್ದೀರಿ. ಅಕ್ಕ ಎಂದು ಕರೆದಿದ್ದೀರಿ, ಹಾಗಾಗಿ ಸಲುಗೆಯಿಂದಲೇ ಬರೆಯುತ್ತೇನೆ. ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಈ ಊರಿನ ಜನ ಅರ್ಥವಾಗಬೇಕಾದರೆ ಸ್ಟೇಡಿಯಂನಿಂದಲೇ ಶುರುಮಾಡಬೇಕು.

ನೀವು ಕೇಳಿರುವ ಕೂಟದ ಹೆಸರು ರೇಸರ್ಸ್ ಗ್ರ್ಯಾನ್ ಪ್ರಿ. ಉಸೇನ್ ಬೋಲ್ಟ್ ಅವರ ಕೋಚ್ ಗ್ಲೆನ್ ಮಿಲ್ಸ್ ಕಟ್ಟಿದ ರೇಸರ್ಸ್ ಟ್ರ್ಯಾಕ್ ಕ್ಲಬ್ ಇದನ್ನು 2016ರಲ್ಲಿ ಶುರುಮಾಡಿತು. ನಡುವೆ ಕೆಲವು ವರ್ಷ ನಿಂತು ಮತ್ತೆ ಶುರುವಾಗಿದೆ. ಸಾಮಾನ್ಯವಾಗಿ ಜೂನ್‌ನ ಮೊದಲ ಅಥವಾ ಎರಡನೆಯ ಶನಿವಾರ ಸಂಜೆ, ನ್ಯಾಷನಲ್ ಸ್ಟೇಡಿಯಂನಲ್ಲಿ. ಇದಕ್ಕೂ ಮೊದಲು, 2004ರಿಂದ, ಮೇ ತಿಂಗಳಲ್ಲಿ ಜಮೈಕಾ ಇಂಟರ್‌ನ್ಯಾಷನಲ್ ಇನ್ವಿಟೇಷನಲ್ ಎಂಬ ಕೂಟ ಇದೇ ಜಾಗದಲ್ಲಿ ನಡೆಯುತ್ತಿತ್ತು. 2008ರ ಮೇ 3ರಂದು ಬೋಲ್ಟ್ 100 ಮೀಟರನ್ನು 9.76 ಸೆಕೆಂಡ್‌ನಲ್ಲಿ ಓಡಿದ್ದು ಆ ಕೂಟದಲ್ಲೇ. ಅಲ್ಲಿಯವರೆಗೆ ಅವರನ್ನು 200 ಮೀಟರ್ ಓಟಗಾರ ಎಂದೇ ಎಲ್ಲರೂ ಲೆಕ್ಕ ಹಾಕಿದ್ದರು. ಅದೇ ತಿಂಗಳ ಕೊನೆಗೆ ನ್ಯೂಯಾರ್ಕ್‌ನಲ್ಲಿ 9.72 ಓಡಿ ವಿಶ್ವದಾಖಲೆ ಮಾಡಿದರು. ಇಲ್ಲಿನವರು ಮಾತ್ರ ಈಗಲೂ ಆ 9.76ರ ಸಂಜೆಯ ಬಗ್ಗೆಯೇ ಜಾಸ್ತಿ ಹೇಳುತ್ತಾರೆ.

ಇಂಥ ಕೂಟ ಒಲಿಂಪಿಕ್ಸ್ ತರಹ ಅಲ್ಲ. ಹೀಟ್ಸ್, ಸೆಮಿಫೈನಲ್ ಎಲ್ಲ ಇರುವುದಿಲ್ಲ. ಆಹ್ವಾನ ಕೊಟ್ಟು ಕರೆಸಿದ ಅಥ್ಲೀಟ್‌ಗಳು ಬರುತ್ತಾರೆ, ಒಂದೇ ಸಲ ಓಡುತ್ತಾರೆ, ಮುಗಿಯಿತು. ಕೆಲವು ಗಂಟೆಗಳಲ್ಲಿ ಇಡೀ ಕೂಟ ಮುಗಿಯುತ್ತದೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಲು ಇದೇ ಅನುಕೂಲ, ಅಲ್ವಾ? ಜೂನ್ ಕೊನೆಯ ಹೊತ್ತಿಗೆ ಇದೇ ಸ್ಟೇಡಿಯಂನಲ್ಲಿ ಜಮೈಕಾದ ರಾಷ್ಟ್ರೀಯ ಆಯ್ಕೆ ಕೂಟ ಇರುತ್ತದೆ. ಹಾಗಾಗಿ ಗ್ರ್ಯಾನ್ ಪ್ರಿಯಲ್ಲಿ ಓಡುವವರು ಸುಮ್ನೆ ಮುಖ ತೋರಿಸಲು ಬಂದಿರುವುದಿಲ್ಲ. ಯಾರು ಯಾವ ಹದದಲ್ಲಿದ್ದಾರೆ ಎಂದು ಆವತ್ತೇ ಗೊತ್ತಾಗುತ್ತದೆ.

2017ರ ಜೂನ್ 10ರಂದು ಇದೇ ಗ್ರ್ಯಾನ್ ಪ್ರಿಯಲ್ಲಿ ಬೋಲ್ಟ್ ತಾಯ್ನಾಡಿನಲ್ಲಿ ಕೊನೆಯ ಸಲ ಓಡಿದರು. 100 ಮೀಟರ್, ಸಮಯ 10.03, ಅವರ ಲೆಕ್ಕಕ್ಕೆ ಸಾಧಾರಣ. ಆದರೆ ಓಟ ಮುಗಿದ ಮೇಲೆ ಮಂಡಿಯೂರಿ ಗೆರೆಗೆ ಮುತ್ತಿಟ್ಟಾಗ ಸ್ಟೇಡಿಯಂನಲ್ಲಿದ್ದ ಎಷ್ಟೋ ಜನ ಅತ್ತುಬಿಟ್ಟರು. ಅದೇ ರಾತ್ರಿ ದಕ್ಷಿಣ ಆಫ್ರಿಕಾದ ವೇಡ್ ವ್ಯಾನ್ ನೀಕರ್ಕ್ 200 ಮೀಟರನ್ನು 19.84ರಲ್ಲಿ ಓಡಿದರು, ಬ್ರಿಟನ್‌ನ ಮೊ ಫರಾ 3000 ಮೀಟರ್ ಗೆದ್ದರು.

ಬೋಲ್ಟ್ ನಿವೃತ್ತರಾದ ಮೇಲೆ ಕೂಟ ಸಪ್ಪೆಯಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2024ರ ಜೂನ್ 1ರಂದು ಇಲ್ಲಿ ಜಮೈಕಾದ ಒಬ್ಲಿಕ್ ಸೆವಿಲ್ 100 ಮೀಟರನ್ನು 9.82ರಲ್ಲಿ ಓಡಿ ಅಮೆರಿಕದ ನೋವಾ ಲೈಲ್ಸ್ ಅವರನ್ನು ಹಿಂದಿಕ್ಕಿದರು. ಲೈಲ್ಸ್ 9.85. ಎರಡು ತಿಂಗಳ ನಂತರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎಲ್ಲ ತಲೆಕೆಳಗಾಯಿತು. ಲೈಲ್ಸ್ ಗೆದ್ದರು. ಜಮೈಕಾದ ಕಿಶೇನ್ ಥಾಂಪ್ಸನ್‌ಗೆ ಚಿನ್ನ ತಪ್ಪಿದ್ದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಬರೀ ಐದು ಭಾಗದಷ್ಟರಲ್ಲಿ. ಸೆವಿಲ್ ಕೊನೆಯವರಾದರು. ಆದರೂ ಈ ಊರಿನವರು ಸೆವಿಲ್ ಅವರ ಕೈಬಿಡಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು 9.77 ಓಡಿ ಚಿನ್ನ ಗೆದ್ದರು, ಥಾಂಪ್ಸನ್‌ಗೆ ಬೆಳ್ಳಿ, ಲೈಲ್ಸ್‌ಗೆ ಕಂಚು. ಸೆವಿಲ್ ಕೂಡ ಮಿಲ್ಸ್ ಶಿಷ್ಯರೇ. ಆ ದಿನ ಟೋಕಿಯೊದಲ್ಲಿ ಬೋಲ್ಟ್ ಸ್ಟ್ಯಾಂಡ್‌ನಲ್ಲಿ ನಿಂತು ನೋಡುತ್ತಿದ್ದರು.

ಇನ್ನು ಎಲ್ಲಿ ಕೂರಬೇಕು ಎಂಬುದು. ಗ್ರ್ಯಾಂಡ್‌ಸ್ಟ್ಯಾಂಡ್‌ಗೆ ಮೇಲೆ ಚಾವಣಿ ಇದೆ, ಗೆಲುವಿನ ಗೆರೆ ಕಣ್ಣೆದುರೇ ಇರುತ್ತದೆ, ಟಿಕೆಟ್ ದುಬಾರಿ. ಎದುರಿಗೆ ಬ್ಲೀಚರ್ಸ್, ಬಯಲು ಮೆಟ್ಟಿಲುಗಳು. ಮೊದಲ ಸಲ ಬ್ಲೀಚರ್ಸ್‌ನಲ್ಲೇ ಕೂರಿ ಎನ್ನುತ್ತೇನೆ. ಗಲಾಟೆ ಇರುತ್ತದೆ, ಪೀಪಿ ಇರುತ್ತದೆ, ಕಡಲೆಬೀಜ ಮಾರುವವರು ನಿಮ್ಮ ಕಾಲು ತುಳಿದುಕೊಂಡೇ ಓಡಾಡುತ್ತಾರೆ. ಆದರೆ ಓಟ ಗೊತ್ತಿರುವವರು ಕೂರುವುದು ಅಲ್ಲಿ. ಒಂದು ಸಲ ನನ್ನ ಪಕ್ಕದಲ್ಲಿ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವ ಹೆಂಗಸೊಬ್ಬರು ಕೂತಿದ್ದರು. ತೊಡೆಯ ಮೇಲೆ ಕೂಟದ ಪುಸ್ತಕ, ಕೈಯಲ್ಲಿ ಪೆನ್ನು. ಪ್ರತಿ ಓಟದ ಸಮಯವನ್ನೂ ಹೆಸರಿನ ಮುಂದೆ ಬರೆದುಕೊಳ್ಳುತ್ತಿದ್ದರು. ಮೂರನೇ ಲೇನ್‌ನ ಹುಡುಗಿಯನ್ನು ತೋರಿಸಿ, ತಿರುವಿನಲ್ಲಿ ಅವಳ ಎಡಗೈ ಹೊರಗೆ ಹೋಗುತ್ತದೆ ನೋಡಿ, ಶಾಲೆಯಲ್ಲಿದ್ದಾಗಿನಿಂದಲೂ ಹಾಗೇ, ಎಂದರು. ಓಟ ಶುರುವಾಯಿತು. ಎಡಗೈ ಹೊರಗೆ ಹೋಯಿತು.

ಹೀಗೆ ನೋಡಲು ಇವರಿಗೆ ಹೇಗೆ ಬರುತ್ತದೆ ಎಂದರೆ, ಆ ಹುಡುಗಿ ಹನ್ನೆರಡು ವರ್ಷದವಳಿದ್ದಾಗಿನಿಂದ ಅವರು ನೋಡುತ್ತಿದ್ದಾರೆ. ಇಲ್ಲಿ ಪ್ರತಿ ವರ್ಷ ಹೈಸ್ಕೂಲ್ ಮಕ್ಕಳ ರಾಷ್ಟ್ರೀಯ ಕೂಟ ನಡೆಯುತ್ತದೆ. ಎಲ್ಲರೂ ಅದನ್ನು ಚಾಂಪ್ಸ್ ಎನ್ನುತ್ತಾರೆ. ಸಾಮಾನ್ಯವಾಗಿ ಮಾರ್ಚ್ ಕೊನೆಯ ಹೊತ್ತಿಗೆ, ಐದು ದಿನ. ಶುರುವಾದದ್ದು 1910ರಲ್ಲಿ, ಸಬೀನಾ ಪಾರ್ಕ್‌ನಲ್ಲಿ. ಹೌದು, ಅದೇ ಸಬೀನಾ ಪಾರ್ಕ್. 2006ರಲ್ಲಿ ದ್ರಾವಿಡ್ 81 ಮತ್ತು 68 ಹೊಡೆದು, ಕುಂಬ್ಳೆ ಕೊನೆಯ ಇನಿಂಗ್ಸ್‌ನಲ್ಲಿ ಆರು ವಿಕೆಟ್ ಕಿತ್ತು ಸರಣಿ ಗೆಲ್ಲಿಸಿದ ಮೈದಾನ. ಈಗ ಚಾಂಪ್ಸ್ ನಡೆಯುವುದು ನ್ಯಾಷನಲ್ ಸ್ಟೇಡಿಯಂನಲ್ಲಿ. ಕೊನೆಯ ದಿನ ಕಾಲಿಡಲು ಜಾಗ ಇರುವುದಿಲ್ಲ. ಶಾಲಾ ಮಕ್ಕಳ ಕೂಟಕ್ಕೆ! ಕ್ಯಾಲಬಾರ್, ಕಿಂಗ್‌ಸ್ಟನ್ ಕಾಲೇಜ್, ಜಮೈಕಾ ಕಾಲೇಜ್ (ಎಲ್ಲವೂ ಹೈಸ್ಕೂಲ್‌ಗಳೇ) ಎಂದರೆ ಐವತ್ತು ದಾಟಿದವರು ಕೂಡ ತಮ್ಮ ಶಾಲೆಯ ಬಣ್ಣದ ಅಂಗಿ ಹಾಕಿಕೊಂಡು ಬಂದು ಕಿರುಚುತ್ತಾರೆ. ಸೆವಿಲ್ ಕ್ಯಾಲಬಾರ್ ಹುಡುಗ. ಓಟಗಾರ್ತಿ ಶೆಲ್ಲಿ ಆ್ಯನ್ ಫ್ರೇಸರ್ ಪ್ರೈಸ್ ವೋಲ್ಮರ್ಸ್ ಶಾಲೆಯ ಹುಡುಗಿ. ಒಲಿಂಪಿಕ್ ಚಿನ್ನ ಬಂದ ಮೇಲೂ ಜನ ಅವರನ್ನು ಗುರುತಿಸುವುದು ಶಾಲೆಯಿಂದಲೇ.

ನಾನು ಇಲ್ಲಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಓಡುವ ಮಕ್ಕಳು ಬೆಳಕು ಹರಿಯುವ ಮೊದಲೇ ಬಂದಿರುತ್ತಾರೆ. ಹೆಚ್ಚಿನ ಶಾಲೆಗಳಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇಲ್ಲ, ಹುಲ್ಲಿನ ಮೇಲೆ ಗೆರೆ ಎಳೆದ ಮೈದಾನವೇ. ಮೊದಲ ಪೀರಿಯಡ್‌ಗೆ ಬರುವಾಗ ಅವರ ಕಾಲಿಗೆ ಅಂಟಿದ ಒದ್ದೆ ಹುಲ್ಲು ಇನ್ನೂ ಹಾಗೇ ಇರುತ್ತದೆ. ಹಣದಿಂದ ಆದ ಕೆಲಸ ಅಲ್ಲ ಇದು. ಸ್ಪ್ಯಾನಿಷ್ ಟೌನ್ ಹತ್ತಿರ ಜಿ.ಸಿ. ಫೋಸ್ಟರ್ ಕಾಲೇಜು ಅಂತ ಇದೆ, 1980ರಲ್ಲಿ ಕ್ಯೂಬಾ ಕಟ್ಟಿಸಿಕೊಟ್ಟದ್ದು. ದೈಹಿಕ ಶಿಕ್ಷಕರನ್ನೂ ಕೋಚ್‌ಗಳನ್ನೂ ತಯಾರು ಮಾಡುವ ಕಾಲೇಜು. ಅಲ್ಲಿ ಕಲಿತವರು ದ್ವೀಪದ ಮೂಲೆಮೂಲೆಯ ಶಾಲೆಗಳಿಗೆ ಹೋದರು. ಮೊದಲು ಚೆನ್ನಾಗಿ ಓಡುವ ಮಕ್ಕಳೆಲ್ಲ ಸ್ಕಾಲರ್‌ಷಿಪ್ ಸಿಕ್ಕಿತೆಂದು ಅಮೆರಿಕದ ಕಾಲೇಜುಗಳಿಗೆ ಹೋಗಿಬಿಡುತ್ತಿದ್ದರು. 1999ರಲ್ಲಿ ಕೋಚ್ ಸ್ಟೀಫನ್ ಫ್ರಾನ್ಸಿಸ್ ಎಂವಿಪಿ ಎಂಬ ಓಟದ ಕ್ಲಬ್ ಶುರುಮಾಡಿದರು, ಆಮೇಲೆ ಮಿಲ್ಸ್ ರೇಸರ್ಸ್ ಕಟ್ಟಿದರು. ಊರಲ್ಲೇ ಇದ್ದು ಜಗತ್ತನ್ನು ಗೆಲ್ಲಬಹುದು ಎಂದು ಆಗ ಗೊತ್ತಾಯಿತು. ಬೇರೆ ದೇಶದ ಓಟಗಾರರು ಈ ಪುಟ್ಟ ಊರಿಗೆ ಬಂದು ಓಡುವುದು ಅದರಿಂದ.

2025ರ ಏಪ್ರಿಲ್‌ನಲ್ಲಿ ಗ್ರ್ಯಾಂಡ್ ಸ್ಲಾಮ್ ಟ್ರ್ಯಾಕ್ ಎಂಬ ಹೊಸ ಕೂಟದ ಮೊದಲ ಸುತ್ತು ಇಲ್ಲೇ ನಡೆಯಿತು. ದೊಡ್ಡ ಬಹುಮಾನ, ದೊಡ್ಡ ಹೆಸರುಗಳು. ಆದರೂ ಸ್ಟ್ಯಾಂಡ್‌ಗಳು ಖಾಲಿ ಹೊಡೆದವು. ಹಿಂದಿನ ವಾರವಷ್ಟೇ ಚಾಂಪ್ಸ್‌ಗೆ ಇದೇ ಸ್ಟೇಡಿಯಂ ತುಂಬಿತ್ತು. ನನಗೆ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ. ಈ ಊರು ಹೆಸರು ಕೇಳಿ ಬರುವುದಿಲ್ಲ, ತನ್ನ ಮಕ್ಕಳಿದ್ದರೆ ಬರುತ್ತದೆ. ಆದ್ದರಿಂದ ನೀವು ಪಕ್ಕದಲ್ಲಿ ಕೂತವರನ್ನು ಒಂದೇ ಒಂದು ಪ್ರಶ್ನೆ ಕೇಳಿ: ಈ ಹುಡುಗ ಯಾವ ಶಾಲೆಯವನು? ಅಷ್ಟು ಸಾಕು. ಕೂಟ ಮುಗಿಯುವವರೆಗೂ ಅವರು ಮಾತು ನಿಲ್ಲಿಸುವುದಿಲ್ಲ, ನಿಮ್ಮ ಮಗಳ ಶಾಲೆಯ ವಿಚಾರವನ್ನೂ ಅವರೇ ಕೇಳುತ್ತಾರೆ.

ಸ್ಟೇಡಿಯಂಗೆ ಸ್ವಲ್ಪ ಬೇಗ ಹೋಗಿ, ಹೊರಗಿರುವ ಓಟಗಾರರ ಪ್ರತಿಮೆಗಳನ್ನು ಮಗಳಿಗೆ ತೋರಿಸಿ. ಬೋಲ್ಟ್, ಫ್ರೇಸರ್ ಪ್ರೈಸ್, ವೆರೋನಿಕಾ ಕ್ಯಾಂಪ್‌ಬೆಲ್ ಬ್ರೌನ್, ಮರ್ಲಿನ್ ಓಟಿ ಎಲ್ಲ ಇದ್ದಾರೆ. ಹೆಣ್ಣುಮಕ್ಕಳ ಪ್ರತಿಮೆ ಇಷ್ಟೊಂದು ಇರುವ ಸ್ಟೇಡಿಯಂ ನಾನು ಬೇರೆಲ್ಲೂ ನೋಡಿಲ್ಲ. ಪಕ್ಕದ ರಸ್ತೆಗೆ ಆರ್ಥರ್ ವಿಂಟ್ ಹೆಸರು, 1948ರಲ್ಲಿ ಜಮೈಕಾಕ್ಕೆ ಮೊದಲ ಒಲಿಂಪಿಕ್ ಚಿನ್ನ ತಂದವರು. ನಮ್ಮವರ ಹೆಜ್ಜೆಯೂ ಇಲ್ಲಿದೆ. 1966ರ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದದ್ದು ಇದೇ ಊರಿನಲ್ಲಿ. ಆಗ ಹ್ಯಾಮರ್ ಥ್ರೋನಲ್ಲಿ ಬೆಳ್ಳಿ ಗೆದ್ದವರು ಪ್ರವೀಣ್ ಕುಮಾರ್, ಮುಂದೆ ದೂರದರ್ಶನದ ಮಹಾಭಾರತದಲ್ಲಿ ಭೀಮನ ಪಾತ್ರ ಮಾಡಿದವರು. ನಿಮ್ಮ ಅಪ್ಪ ಅಮ್ಮನಿಗೆ ಹೇಳಿ, ಖುಷಿಪಡುತ್ತಾರೆ. 2002ರ ವಿಶ್ವ ಜೂನಿಯರ್ ಕೂಟದಲ್ಲಿ ಹದಿನೈದು ವರ್ಷದ ಬೋಲ್ಟ್ 200 ಮೀಟರ್ ಗೆದ್ದು ಜಗತ್ತಿಗೆ ಗೊತ್ತಾದದ್ದು ಇಲ್ಲೇ. ಅದೇ ಕೂಟದಲ್ಲಿ ನಮ್ಮ ಸೀಮಾ ಡಿಸ್ಕಸ್ ಥ್ರೋನಲ್ಲಿ ಕಂಚು ಪಡೆದರು.

ಸುರಕ್ಷತೆಯ ವಿಚಾರ ಮುಚ್ಚಿಡುವುದಿಲ್ಲ. ಕಿಂಗ್‌ಸ್ಟನ್‌ನಲ್ಲಿ ಹೋಗಬಾರದ ಬೀದಿಗಳಿವೆ, ಅಪರಾಧ ಇದೆ. ಯಾವ ಬೀದಿ ಎಂದು ಆಫೀಸಿನ ಇಲ್ಲಿನವರನ್ನೇ ಕೇಳಿ, ಅವರು ಹೇಳಿದಂತೆ ನಡೆಯಿರಿ. ಸ್ಟೇಡಿಯಂ ಒಳಗೆ ಭಯವಿಲ್ಲ, ಕುಟುಂಬಗಳೇ ಜಾಸ್ತಿ. ಕೂಟ ಮುಗಿಯುವಾಗ ರಾತ್ರಿಯಾಗುತ್ತದೆ, ಆಗ ನಡೆದುಕೊಂಡು ಹೊರಡಬೇಡಿ. ಗೊತ್ತಿರುವ ಟ್ಯಾಕ್ಸಿಯವರಿಗೆ ಮೊದಲೇ ಹೇಳಿಡಿ, ಅಥವಾ ಸಹೋದ್ಯೋಗಿಗಳ ಕಾರಿನಲ್ಲಿ ಹೋಗಿ. ಮುಂದೆ ನೀವೇ ಕಾರು ಓಡಿಸಿದರೆ ಇಲ್ಲೂ ಎಡಗಡೆಯೇ, ಕಷ್ಟವಾಗುವುದಿಲ್ಲ. ಅಂಗಡಿಗೆ, ಟ್ಯಾಕ್ಸಿಗೆ, ಆಸ್ಪತ್ರೆಗೆ ಎಲ್ಲಿಗೆ ಹೋದರೂ ಮೊದಲು ನಮಸ್ಕಾರ ಹೇಳಿ, ಆಮೇಲೆ ಕೆಲಸದ ಮಾತು. ಹಾಗೆ ಮಾಡದವರನ್ನು ಇಲ್ಲಿ ಒರಟರು ಎಂದುಕೊಳ್ಳುತ್ತಾರೆ.

ಮಗಳನ್ನು ಶಾಲೆಗೆ ಸೇರಿಸುವಾಗ ಅವಳು ಓಡುತ್ತಾಳೆ ಎಂದು ಮೊದಲ ದಿನವೇ ಹೇಳಿ. ಅವಳ ವಯಸ್ಸಿಗೆ ಐದನೇ ತರಗತಿ ಸಿಗಬಹುದು. ಆರನೇ ತರಗತಿ ಮುಗಿಯುವವರೆಗೆ ಪೆಪ್ ಎಂಬ ಸರ್ಕಾರಿ ಪರೀಕ್ಷೆಗಳಿರುತ್ತವೆ, ಹೈಸ್ಕೂಲ್ ಸೀಟು ಅದರ ಮೇಲೆ. ನಮ್ಮವರು ಇದನ್ನು ಕೇಳಿದ ಕೂಡಲೇ ಟ್ಯೂಷನ್ ಹುಡುಕಿ ಆಟ ಬಿಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಣಿತ ಕಲಿಸುವ ನಾನೇ ಇದನ್ನು ಹೇಳುತ್ತಿದ್ದೇನೆ. ಮೊದಲ ವರ್ಷ ಅವಳು ಇಲ್ಲಿ ಕೊನೆಯವಳಾಗಬಹುದು. ದಾವಣಗೆರೆಯಲ್ಲಿ ಮೊದಲು ಬರುತ್ತಿದ್ದ ಮಗುವಿಗೆ ಅದು ಕಷ್ಟ. ಆಗ ನೀವು ಪಕ್ಕದಲ್ಲಿರಿ, ಸಮಾಧಾನ ಹೇಳಿ, ಹೋಲಿಸಬೇಡಿ. ಇಲ್ಲಿನ ಕೋಚ್‌ಗಳು ಕೊನೆಗೆ ಬಂದ ಮಗುವಿನ ಸಮಯವನ್ನೂ ಬರೆದಿಡುತ್ತಾರೆ. ನಿಮ್ಮ ಹೆಂಡತಿಯೂ ಸಿದ್ಧವಾಗಿರಲಿ, ಶಾಲೆಯ ಕ್ರೀಡಾದಿನದಲ್ಲಿ ತಾಯಂದಿರ ಓಟ ಇರುತ್ತದೆ. ಫ್ರೇಸರ್ ಪ್ರೈಸ್ ಅವರೇ 2025ರಲ್ಲಿ ಮಗನ ಶಾಲೆಯಲ್ಲಿ ಆ ಓಟ ಓಡಿ ಗೆದ್ದರು.

ಊಟಕ್ಕೆ ಚಿಂತೆ ಬೇಡ. ಕಲಾಲೂ ಎಂದು ಮಾರುವುದು ನಮ್ಮ ಹರಿವೆ ಸೊಪ್ಪಿನ ಜಾತಿಯದೇ, ಗಂಗೊ ಪೀಸ್ ನಮ್ಮ ತೊಗರಿ, ಬ್ರೆಡ್‌ಫ್ರೂಟ್ ಕರಾವಳಿಯ ಜೀಗುಜ್ಜೆ. ನೀವು ಬರುವ ಹೊತ್ತಿಗೆ ಮಾವಿನ ಕಾಲವೂ ಇರುತ್ತದೆ. 1845ರಿಂದ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಬಂದ ಭಾರತೀಯರಿಂದಾಗಿ ಕರಿ, ರೋಟಿ ಇಲ್ಲಿನವರ ಮನೆಯ ಅಡುಗೆಯೇ ಆಗಿವೆ. ಸಸ್ಯಾಹಾರಿಗಳಾದರೆ ಸ್ಟೇಡಿಯಂನಲ್ಲಿ ಪ್ಯಾಟಿ ಕೊಳ್ಳುವಾಗ ಒಳಗೆ ಏನಿದೆ ಎಂದು ಕೇಳಿಕೊಳ್ಳಿ, ಹೆಚ್ಚಿನವು ಮಾಂಸದವು. ಹುಳಿಪುಡಿ, ಸಾರಿನ ಪುಡಿ ಮಾತ್ರ ಊರಿಂದ ತನ್ನಿ.

ಜೂನ್‌ನಲ್ಲಿ ಒಮ್ಮೊಮ್ಮೆ ಸಂಜೆ ಮಳೆ ಬರುತ್ತದೆ. ಬ್ಲೀಚರ್ಸ್‌ಗೆ ಹೋಗುವಾಗ ಮಗಳಿಗೆ ಟೋಪಿ ಮತ್ತು ರೇನ್‌ಕೋಟ್ ಎರಡೂ ಇಟ್ಟುಕೊಳ್ಳಿ. ಟಿಕೆಟ್ ಮಾರಲು ಶುರುಮಾಡಿದ ದಿನವೇ ನಿಮಗೆ ತಿಳಿಸುತ್ತೇನೆ, ನಾಲ್ಕು ಒಟ್ಟಿಗೇ ಕೊಳ್ಳೋಣ.