ನವೆಂಬರ್‌ನಲ್ಲಿ ಕ್ರೂಗರ್‌ಗೆ ಹೋದ್ರೆ ಹಕ್ಕಿ ಸಿಗುತ್ತಾ?
ನವೆಂಬರ್ ಕೊನೇಲಿ ದಕ್ಷಿಣ ಆಫ್ರಿಕಾದ ಕ್ರೂಗರ್ ನ್ಯಾಷನಲ್ ಪಾರ್ಕ್‌ಗೆ ಹೋದ್ರೆ ಹಕ್ಕಿ ಸಿಗುತ್ತಾ, ಮನೆಯವ್ರಿಗೆ ಸಿಂಹಾನೂ ಬೇಕು ಅಂತ ಕೇಳಿದೀರಲ್ಲ ಸರ್, ಹಕ್ಕಿಗಂತೂ ಅದೇ ಸರಿಯಾದ ಟೈಮು, ಕ್ರೂಗರ್‌ನಲ್ಲಿ 500ಕ್ಕೂ ಹೆಚ್ಚು ಜಾತಿ ಇವೆ, ವಲಸೆ ಬರೋವೂ ಅಷ್ಟೊತ್ತಿಗೆ ಬಂದಿರ್ತವೆ. ಸಿಂಹ ಮಾತ್ರ ಸ್ವಲ್ಪ ಕಷ್ಟ, ಮಳೆ ಶುರುವಾಗಿ ಹುಲ್ಲು ಬೆಳೆದಿರುತ್ತೆ, ನೀರೂ ಎಲ್ಲಾ ಕಡೆ ಸಿಗೋದ್ರಿಂದ ಪ್ರಾಣಿಗಳು ಚದುರಿಹೋಗಿರ್ತವೆ.

ಪಾರ್ಕ್ ಒಳಗಿನ ಸ್ಕುಕುಜಾ ಕ್ಯಾಂಪಲ್ಲೇ ಉಳ್ಕೊಳ್ಳಿ. ಹತ್ರಾನೇ ಲೇಕ್ ಪ್ಯಾನಿಕ್ ಅಂತ ಕೆರೆ, ಅಲ್ಲಿ ಮರದ ಹೈಡ್ (ಮರೆಯಲ್ಲಿ ಕೂತು ಹಕ್ಕಿ ನೋಡೋ ಗುಡಿಸಲು) ಇದೆ, ಸದ್ದು ಮಾಡ್ದೆ ಕೂತ್ರೆ ಮಿಂಚುಳ್ಳಿ ಎದುರಿನ ಒಣಕೊಂಬೆಗೇ ಬಂದು ಮೀನನ್ನ ಬಡಿದು ಬಡಿದು ನುಂಗುತ್ತೆ, ಎಲೆ ಮೇಲೆ ದೇವನಕ್ಕಿ ಓಡಾಡ್ತಿರುತ್ತೆ. ನಮ್ಮ ನೀಲಕಂಠದ ನೆಂಟ, ಎದೆ ನೇರಳೆ ಬಣ್ಣದ್ದು, ರಸ್ತೆ ಪಕ್ಕದಲ್ಲೇ ಸಿಗುತ್ತೆ, ಅದಕ್ಕೆ ಹುಡುಕೋದೇ ಬೇಡ.

ಕಾರು ಬಾಡಿಗೆಗೆ ತಗೊಂಡು ನೀವೇ ಓಡಿಸಿ, ಅಲ್ಲೂ ಎಡಗಡೆ ಡ್ರೈವಿಂಗೇ. ಸಫಾರಿ ಗಾಡೀಲಿ ಮಿಕ್ಕೋರು ಸಣ್ಣ ಹಕ್ಕಿಗೆಲ್ಲಾ ನಿಲ್ಸೋಕೆ ಬಿಡಲ್ಲ (ಅವ್ರಿಗೆ ಬೇಕಿರೋದು ಚಿರತೆ ಫೋಟೋ). ಡಾಂಬರು ರಸ್ತೇಲಿ 50ರ ಮೇಲೆ ಹೋಗೋ ಹಾಗಿಲ್ಲ, ಗುರುತು ಮಾಡಿರೋ ಜಾಗ ಬಿಟ್ರೆ ಕೆಳಗಿಳಿಯೋ ಹಾಗೂ ಇಲ್ಲ. ಸಿಂಹಕ್ಕೆ ಕ್ಯಾಂಪಿನವರ ನೈಟ್ ಡ್ರೈವ್ ಒಂದು ಬುಕ್ ಮಾಡಿ, ಗೂಬೆನೂ ಸಿಗಬಹುದು. ಮಲೇರಿಯಾ ಏರಿಯಾ ಅದು, ಹೊರಡೋ ಮುಂಚೇನೇ ಡಾಕ್ಟರ್‌ನ ಕೇಳಿ ಮಾತ್ರೆ ಶುರುಮಾಡಿ.