ತೆಂಗಿನೆಣ್ಣೆಯ ಸೆಮಿನಾರ್

(ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.)

ಪ್ರತಿಮಾಳಿಗೆ 21 ವರ್ಷ. ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ. ಹತ್ತನೆಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ಮಂಗಳೂರಿನಲ್ಲಿ ಡಯೆಟೆಟಿಕ್ಸ್ (ಪಥ್ಯಾಹಾರದ ಶಾಸ್ತ್ರ) ಕಲಿಯುತ್ತಿದ್ದಾಳೆ. ನನ್ನೆದುರು ಬಂದು ಕೂತವಳೇ ಹೇಳಿದಳು, "ನನ್ನಿಂದ ಈ ಕೋರ್ಸ್ ಆಗುವುದಿಲ್ಲ ಟೀಚರ್. ಬಿಡ್ತೇನೆ."

ತೆಂಗಿನೆಣ್ಣೆ ಹೃದಯಕ್ಕೆ ಒಳ್ಳೆಯದು ಎಂದು ಅವಳು ಸೆಮಿನಾರ್ ಕೊಟ್ಟಿದ್ದಳು. ಅಧ್ಯಾಪಕರು ಆಧಾರ ಕೇಳಿದರು. ಅವಳ ಹತ್ತಿರ ಇದ್ದದ್ದು ಎರಡು ಯೂಟ್ಯೂಬ್ ವಿಡಿಯೊ, ಮತ್ತೆ 88 ವರ್ಷದ ಗಟ್ಟಿಮುಟ್ಟಾದ ಅಜ್ಜಿ. ಕ್ಲಾಸಿನವರು ನಕ್ಕರು. ರಾತ್ರಿ ಹುಡುಕಿದಾಗ, ತೆಂಗಿನೆಣ್ಣೆ ಬಳಸಬೇಡಿ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಹೇಳಿದ್ದು ಸಿಕ್ಕಿತು. ಮರುದಿನ ಮನೆಯಲ್ಲಿ ಎಣ್ಣೆ ಬದಲಿಸಿ ಎಂದಳು. ಅಪ್ಪನದು ತೆಂಗಿನ ತೋಟ. "ನಾಲ್ಕಕ್ಷರ ಕಲಿತು ಅಜ್ಜಿಗೇ ಬುದ್ಧಿ ಹೇಳ್ತೀಯಾ?" ಎಂದರು. ಅವಳಿಗೆ ಬಾಯಿ ಕಟ್ಟಿತು.

"ಅಜ್ಜಿ ಸುಳ್ಳಾ, ಪುಸ್ತಕ ಸುಳ್ಳಾ?" ಎಂದು ಕೇಳಿ ತುಂಬಾ ಅತ್ತಳು. ಅಳು ನಿಲ್ಲುವವರೆಗೆ ನಾನು ಏನೂ ಹೇಳಲಿಲ್ಲ.

ವಿಡಿಯೊವನ್ನು ನಂಬಿದ ಹಾಗೆಯೇ ಆ ಸಂಸ್ಥೆಯ ಮಾತನ್ನೂ ಅವಳು ತಲೆಬರಹ ನೋಡಿ ನಂಬಿದ್ದಳು. ಒಳಗೆ ಹೋಗಲು ಭಯ. ಇಂಗ್ಲಿಷ್ ಪೇಪರ್ ತೆರೆದರೆ ಕಣ್ಣಿಗೆ ಕತ್ತಲೆ ಬರುತ್ತದಂತೆ. ಗಡಿನಾಡಿನ ಎಷ್ಟೋ ಮಕ್ಕಳು ಈ ಭಯವನ್ನು ದಡ್ಡತನ ಅಂದುಕೊಂಡಿದ್ದಾರೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ಪ್ರಶ್ನೆಯನ್ನು ಮೊದಲು ಕನ್ನಡದಲ್ಲೇ ಬರೆದುಕೋ ಎಂದೆ. ಯಾರಿಗೆ ಕೊಟ್ಟರು? ಏನು, ಎಷ್ಟು ದಿನ ಕೊಟ್ಟರು? ಅದರ ಬದಲಿಗೆ ಇನ್ನೊಂದು ಗುಂಪಿಗೆ ಕೊಟ್ಟದ್ದೇನು? ಕೊನೆಗೆ ಅಳೆದದ್ದೇನು? ಪೇಪರಿನಲ್ಲಿ ಈ ನಾಲ್ಕನ್ನು ಮಾತ್ರ ಹುಡುಕು, ಉಳಿದದ್ದು ಆಮೇಲೆ.

ಎರಡನೇ ಭೇಟಿಯಲ್ಲಿ ಮೊಬೈಲಿನಲ್ಲಿ ಪಬ್‌ಮೆಡ್ (ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ಜಾಲತಾಣ) ತೆರೆದು ಕೂತೆವು. 2020ರಲ್ಲಿ 'ಸರ್ಕ್ಯುಲೇಷನ್' ಪತ್ರಿಕೆಯಲ್ಲಿ ಬಂದ, 16 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ವಿಶ್ಲೇಷಣೆ ಸಿಕ್ಕಿತು. ಸಾರಾಂಶ ಒಂದು ಪುಟವೂ ಇಲ್ಲ. ಓದಲು ನಲವತ್ತು ನಿಮಿಷ ಬೇಕಾಯಿತು, ನಾನು ಅವಸರ ಮಾಡಲಿಲ್ಲ.

"ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಡೆಸಿಲೀಟರ್ ರಕ್ತಕ್ಕೆ ಸುಮಾರು 10 ಮಿಲಿಗ್ರಾಂ ಜಾಸ್ತಿ. ಒಳ್ಳೆಯದು ಅನ್ನುವ ಎಚ್‌ಡಿಎಲ್ ಕೂಡ 4 ಜಾಸ್ತಿ."

"ಯಾವುದಕ್ಕಿಂತ ಜಾಸ್ತಿ?"

ಮತ್ತೆ ಓದಿದಳು. "ಸೋಯಾ, ಸೂರ್ಯಕಾಂತಿ ತರಹದ ಎಣ್ಣೆ ತಿಂದವರಿಗಿಂತ. ಅಳೆದದ್ದು ರಕ್ತದ ಕೊಲೆಸ್ಟ್ರಾಲ್. ಹೃದಯಾಘಾತ ಎಷ್ಟು ಆಯಿತು ಅಂತ ಎಣಿಸಿದ್ದಲ್ಲ." ಅಷ್ಟು ಹೊತ್ತಿನಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು.

ಹಾಗಾದರೆ ಅಜ್ಜಿ? ನಾನು ಇಷ್ಟೇ ಕೇಳಿದೆ: "ಅಜ್ಜಿಯ ವಾರಗೆಯವರಲ್ಲಿ ಈಗ ಇಲ್ಲದವರೂ ಅದೇ ಎಣ್ಣೆ ತಿಂದವರು, ಅಲ್ವಾ?" ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಜ್ಜನೂ ಅದನ್ನೇ ತಿಂದದ್ದು. 58ಕ್ಕೆ ಹೋದರು." ಅಜ್ಜನ ಸಾವಿನಿಂದಲೂ ಎಣ್ಣೆ ಕೆಟ್ಟದು ಎಂದು ಹೇಳಲಾಗುವುದಿಲ್ಲ ಎಂದೆ. ಒಬ್ಬರ ಬದುಕಿನಲ್ಲಿ ಬೀಡಿ, ಬಿಪಿ, ದುಡಿಮೆ, ಚಿಂತೆ ಎಲ್ಲ ಸೇರಿರುತ್ತದೆ. ಅಜ್ಜಿಯ ಮಾತು ಪ್ರಶ್ನೆ ಹುಟ್ಟಿಸುವುದಕ್ಕೆ ಒಳ್ಳೆಯದು, ಉತ್ತರಕ್ಕೆ ಅದೊಂದೇ ಸಾಲದು.

ಮೂರನೇ ಸಲ ಅವಳೇ ಹುಡುಕಿಕೊಂಡು ಬಂದಿದ್ದಳು. ವಿಡಿಯೊದಲ್ಲಿ ಹೊಗಳಿದ್ದು ಎಂಸಿಟಿ (ಮಧ್ಯಮ ಸರಪಳಿಯ ಕೊಬ್ಬಿನ) ಎಣ್ಣೆಯ ಪ್ರಯೋಗಗಳನ್ನು. ಅದು 8 ಮತ್ತು 10 ಇಂಗಾಲದ ಕೊಬ್ಬಿನಾಮ್ಲಗಳಿಂದ ಬೇರೆಯಾಗಿ ತಯಾರಿಸಿದ್ದು. ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಅದಕ್ಕೆ 12 ಇಂಗಾಲ, ದೇಹದಲ್ಲಿ ಅದು ಬಹುಪಾಲು ಉದ್ದ ಸರಪಳಿಯ ಕೊಬ್ಬಿನ ದಾರಿಯನ್ನೇ ಹಿಡಿಯುತ್ತದೆ. "ಒಂದು ಎಣ್ಣೆಯ ಪ್ರಯೋಗ ತೋರಿಸಿ ಇನ್ನೊಂದನ್ನು ಹೊಗಳಿದ್ದಾರೆ ಟೀಚರ್!" ಈ ಹುಡುಗಿ ಕೋರ್ಸ್ ಬಿಡುವವಳಲ್ಲ ಎಂದು ನನಗೆ ಆಗಲೇ ಅನಿಸಿತು.

ಅಧ್ಯಾಪಕರ ಹತ್ತಿರ ಹೋಗಿ ಇನ್ನೊಂದು ಅವಕಾಶ ಕೇಳು ಎಂದೆ. ಕೇಳಿದಳು, ಕೊಟ್ಟರು. ಮನೆಯಲ್ಲಿ ಅಪ್ಪಣೆ ಕೊಡುವುದು ಬಿಟ್ಟು, ತಿಂಗಳಿಗೆ ಎಷ್ಟು ಎಣ್ಣೆ ಖರ್ಚಾಗುತ್ತದೆ ಎಂದು ಅಮ್ಮನ ಜೊತೆ ಕೂತು ಲೆಕ್ಕ ಹಾಕು, ಯಾವ ಎಣ್ಣೆ ಎನ್ನುವ ಮಾತು ಆಮೇಲೆ ಎಂದೆ. ಐದು ಜನಕ್ಕೆ ಮೂರೂವರೆ ಲೀಟರ್ ಬಂತಂತೆ. ಅಪ್ಪ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ಆಮೇಲೆ ಕೇಳಿದರಂತೆ, "ಆ 16 ಪ್ರಯೋಗದಲ್ಲಿ ನಮ್ಮ ಕಡೆಯವರು ಎಷ್ಟು ಜನ ಇದ್ದರು?"

ಪ್ರತಿಮಾ ಈಗ ಅದನ್ನು ಹುಡುಕುತ್ತಿದ್ದಾಳೆ.